ಮೊಲದ ಸೋಗು

ಹೆಂಡತಿ ಮಂದಾಕಿನಿ ಅಂದು ಹತ್ತು ಗಂಟೆಗೇ ಊಟ ಬಡಿಸಿಟ್ಟು, "ಉಂಡ್ಕಳ್ಳಿ, ಮಧ್ಯಾಹ್ನ ನೀವು ಮನೇಲಿ ಇರೂದಿಲ್ಲಲ್ಲ" ಎಂದಾಗ ಕುಪ್ಪನಿಗೆ ಮೈಯೆಲ್ಲ ಉರಿಯಿತು. "ಯಾರು ಹೇಳಿದ್ರು ನಿಂಗೆ?" ಎಂದು ಕೇಳಿಯೇಬಿಟ್ಟ. ಅವಳು ಅನ್ನದ ಮೇಲೆ ಸಾರು ಸುರಿಯುತ್ತ, "ಯಾರ್ ಹೇಳೂದು? ಬಲೆ ಹೊಲೀಲಿಕ್ಕೆ ಹೋಗ್ತ್ರೇನೋ ಅಂದ್ಕಂಡೆ" ಎಂದಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಏನೂ ಇರಲಿಲ್ಲ. ಹನ್ನೊಂದು ವರ್ಷದಿಂದ ಹೀಗೆಯೇ. ಮುಖ ಮುಚ್ಚಿ ನ್ಯಾಯ ಹೇಳುವ ಸೋಗಿನ ಪಂಚರು ಕೂಡುವ ದಿನ ಅವಳಿಗೆ ಅದು ಹೇಗೋ ಗೊತ್ತಾಗುತ್ತದೆ, ಊಟ ಬೇಗ ಆಗುತ್ತದೆ, ಬಲೆಯ ಸುಳ್ಳು ಅವಳ ಬಾಯಿಂದಲೇ ಬರುತ್ತದೆ. ಕೇರಿಯ ಇನ್ನು ಆರು ಮನೆಗಳಲ್ಲೂ ಇದೇ ಹೊತ್ತಿಗೆ ಇನ್ನು ಆರು ಹೆಂಗಸರು ಇದೇ ಸುಳ್ಳು ಹೇಳುತ್ತಿರಬೇಕು. ಯಾವ ಆರು ಮನೆಯೆಂದು ಮಾತ್ರ ತನಗೆ ಗೊತ್ತಿರಬಾರದು. ಇದೊಳ್ಳೆ ಗುಟ್ಟು, ಎಂದು ಕುಪ್ಪ ಅನ್ನ ಕಲಸಿದ. ಇವತ್ತು ಪಂಚರ ಮುಂದೆ ಬರುವವಳು ಹೀರಾ, ಸತ್ತ ಅಣ್ಣ ಜಟ್ಟುವಿನ ಹೆಂಡತಿ. ಅವಳ ಮೇಲಿರುವ ತಪ್ಪನ್ನು ಮಾಡಿದವನು ತಾನು.

ಅಮದಳ್ಳಿಯಿಂದ ದಕ್ಷಿಣಕ್ಕೆ, ಹೆದ್ದಾರಿಯಿಂದ ಕಡಲ ಕಡೆ ಇಳಿದರೆ ಸಿಗುವ ಈ ಕೇರಿಯಲ್ಲಿ ಪಂಚಾಯ್ತಿ ಮೆಂಬರು ಇದ್ದಾನೆ, ಮೀನುಗಾರರ ಸೊಸೈಟಿಯಿದೆ, ವಾಟ್ಸಾಪಿನಲ್ಲಿ ಮೂರು ಗ್ರೂಪುಗಳಿವೆ. ಆದರೆ ಯಾರ ದೋಣಿ ಎಲ್ಲಿ ನಿಲ್ಲಬೇಕು, ಯಾರ ಮನೆಗೆ ಹೆಣ್ಣು ಕೊಡಬಾರದು ಎಂಬುದನ್ನೆಲ್ಲ ಇವತ್ತಿಗೂ ನಿರ್ಧರಿಸುವವರು ಆ ಏಳು ಜನ ಸೋಗಿನವರೇ. ಒಬ್ಬ ಸತ್ತರೆ ಉಳಿದವರು ಹೇಗೋ ಇನ್ನೊಬ್ಬನನ್ನು ಆರಿಸುತ್ತಾರೆ. ಕುಪ್ಪನಿಗೆ ಒಂದು ಬೆಳಿಗ್ಗೆ ತನ್ನ ದೋಣಿಯೊಳಗೆ ಹಳೆಯ ಹಾಯಿಬಟ್ಟೆಯಲ್ಲಿ ಸುತ್ತಿದ ಮರದ ಹುಲಿಮುಖ ಸಿಕ್ಕಿತ್ತು. ಬಡಪಾಯಿ ಕುಪ್ಪ, ಯಂತ್ರದ ಬೋಟಿಲ್ಲದವನು, ಕಟ್ಟೆಯ ಮೇಲೆ ಕೂತರೆ ಯಾರೂ ಸರಿದು ಜಾಗ ಕೊಡದವನು, ಆ ಮುಖ ಹಾಕಿಕೊಂಡ ದಿನ ಕೇರಿಯೇ ಕೈ ಮುಗಿದು ನಿಲ್ಲುತ್ತಿತ್ತು. ಸೋಗಿನವರು ಮಾತಾಡುವ ಹಾಗಿಲ್ಲ, ದನಿ ಗುರುತಾಗುತ್ತದೆ. ಅವರ ಪರವಾಗಿ ಮಾತಾಡಲು ಮುಖ ಮುಚ್ಚದ ಒಬ್ಬನಿರುತ್ತಾನೆ, ಅವನನ್ನು 'ಬಾಯಿ' ಎನ್ನುತ್ತಾರೆ. ಈಗಿನ ಬಾಯಿ ತುಳಸಿದಾಸ ಮಾಸ್ತರು. ಒಬ್ಬೊಬ್ಬ ಸೋಗಿನವನ ಮುಂದೆಯೂ ಒಂದೊಂದು ಬೆಳಚಿನ ಕಪ್ಪೆಚಿಪ್ಪು. ಅಂಗಾತ ಇಟ್ಟರೆ ಮಾಫಿ, ಕವುಚಿ ಇಟ್ಟರೆ ತಪ್ಪು.

ಹುಲಿಮುಖದ ಒಳಗಿನ ಬಟ್ಟೆ ಹರಿದಾಗ ಅದನ್ನು ಹೊಲಿದುಕೊಟ್ಟವಳು ಇದೇ ಹೀರಾ. ಮಂದಾಕಿನಿ ಅದನ್ನು ಸೆರಗಿನಡಿ ಮುಚ್ಚಿಕೊಂಡು ಹೋಗಿ ಹೊಲಿಸಿಕೊಂಡು ಬಂದಿದ್ದಳು. ಇಬ್ಬರೂ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಕೈ ತೊಳೆಯುತ್ತ ಕುಪ್ಪನಿಗೆ ಅದು ನೆನಪಾಯಿತು. ಬಂದರೆ ನನ್ನ ಮುಂದೆಯೇ ಬರುತ್ತಾಳೆ. ಬಂದೇ ಬರುತ್ತಾಳೆ. ಏಳು ಚಿಪ್ಪೂ ಕವುಚಿ ಬಿದ್ದ ಮೇಲೆ ತಪ್ಪು ಹೊತ್ತವರಿಗೆ ಒಂದೇ ಒಂದು ದಾರಿ ಉಳಿದಿರುತ್ತದೆ. ಏಳರಲ್ಲಿ ಒಬ್ಬನ ಮುಂದೆ ಸೆರಗು ಹಾಸಬಹುದು. ಗಂಡಸಾದರೆ ಹೆಗಲ ಮೇಲಿನ ಪಂಜಿ. ಆ ಒಬ್ಬ ತನ್ನ ಚಿಪ್ಪನ್ನು ಅಂಗಾತ ಮಾಡಿದರೆ ಉಳಿದ ಆರು ಚಿಪ್ಪಿಗೆ ಬೆಲೆಯಿಲ್ಲ. ಕುಪ್ಪ ಕಂಡಂತೆ ಯಾರೂ ಹಾಗೆ ಮಗುಚಿದ್ದಿಲ್ಲ. ಮಗುಚಿದವನು ಯಾರೆಂದು ಮರುದಿನ ಕೇರಿಯೆಲ್ಲ ಲೆಕ್ಕ ಹಾಕುತ್ತದೆ, ಸಂಬಂಧ ಹುಡುಕುತ್ತದೆ. ಮೂರು ವರ್ಷದ ಹಿಂದೆ ತಿಮ್ಮುವಿನ ಹೆಂಡತಿ ಸೆರಗು ಹಾಸಿದ್ದಳು, ಗೂಬೆಮುಖದವನ ಮುಂದೆ. ಅಡ್ಡಕಸಬಿ ಗೂಬೆ ಅಲ್ಲಾಡಲಿಲ್ಲ. ಆಮೇಲೆ ಕಟ್ಟೆಯಲ್ಲಿ ಎಲ್ಲರೂ ಪಾಪ ಪಾಪ ಎಂದರು. ಪಾಪ ಎಂದವರಲ್ಲೇ ಆ ಏಳು ಜನವೂ ಇದ್ದರಲ್ಲ, ಕುಪ್ಪನೂ ಇದ್ದ. ಪಾಪ ಎಂದಷ್ಟೂ ಅವನಿಗೆ ಹಗುರಾಗಿತ್ತು.

ತಿಮ್ಮುವಿನ ಹೆಂಡತಿಗೆ ಕೊಟ್ಟ ಶಿಕ್ಷೆಯೇ ಹೀರಾಳಿಗೂ ಕಾದಿತ್ತು. ಬುಟ್ಟಿಗೆ ಕೈ ಇಲ್ಲ. ಬಡಿಯುವುದಿಲ್ಲ, ಬೈಯುವುದಿಲ್ಲ, ಊರು ಬಿಡಿಸುವುದೂ ಇಲ್ಲ. ಮೀನು ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ, ಎದುರಿಂದ ಇನ್ನೊಬ್ಬಳು ಕೈ ಕೊಡಬೇಕು. ಆ ಕೈ ಯಾರೂ ಕೊಡಬಾರದು, ಅಷ್ಟೆ. ತಿಮ್ಮುವಿನ ಹೆಂಡತಿ ಮೊದಲ ದಿನ ಬುಟ್ಟಿಯ ಎದುರು ನಿಂತು ಅತ್ತ ಇತ್ತ ನೋಡಿದ್ದಳು. ಹೆಂಗಸರೆಲ್ಲ ತಮ್ಮ ತಮ್ಮ ಬುಟ್ಟಿ ಹೊತ್ತು ಬಸ್ಸಿಗೆ ಹೋದರು. ಅವಳು ಬುಟ್ಟಿಯನ್ನು ಮರಳಲ್ಲಿ ಎಳೆದುಕೊಂಡು ಹೆದ್ದಾರಿಯ ತನಕ ಹೋಗಿ, ಅರ್ಧ ಮೀನು ಚೆಲ್ಲಿ, ಕೂತು ಅತ್ತಳು. ಈಗ ಅಂಕೋಲೆಯ ಒಂದು ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಾಳಂತೆ. ಹೀರಾ ರಾಮನಗುಳಿಯ ಕಡೆಗೆಲ್ಲ ಒಣಮೀನು ಹೊತ್ತು ಹೋಗಿ ಮಾರಿ ಮಗಳು ಪ್ರೀತಿಯನ್ನು ಓದಿಸಿ ಚಿತ್ತಾಕುಲಕ್ಕೆ ಮದುವೆ ಮಾಡಿ ಕೊಟ್ಟವಳು. ಐವತ್ತೆರಡರ ವಯಸ್ಸಿನಲ್ಲಿ ಅವಳಿಗೆ ಆ ಬುಟ್ಟಿ ಬಿಟ್ಟರೆ ಬೇರೆ ಏನಿದೆ?

ಇಷ್ಟಕ್ಕೆಲ್ಲ ಕಾರಣ ಒಂದು ಕೊಟ್ಟೆ ಬಂಗಡೆ ಮೀನು. ಮೇ ತಿಂಗಳಲ್ಲಿ ರಾಮನಾಥನ ದೊಡ್ಡ ಬೋಟು ಸರಕಾರ ಬೇಡವೆಂದ ದೀಪದ ಬೇಟೆ ಮಾಡಿ, ಜನರೇಟರು ಕೂರಿಸಿ, ಕಡಲನ್ನೇ ಹಗಲು ಮಾಡಿ, ಮೀನನ್ನೆಲ್ಲ ಬಳಿದು ತರುತ್ತಿತ್ತು. ಕುಪ್ಪನ ಪಾತಿದೋಣಿಗೆ ಬಲೆ ತೊಳೆಯುವ ಕೆಲಸವೂ ಇರುತ್ತಿರಲಿಲ್ಲ. ಅದನ್ನೂ ಸಹಿಸಿಕೊಂಡಿದ್ದ. ಆದರೆ ಅಂದು ಚಾದಂಗಡಿಯ ಮುಂದೆ, ಎಂಟು ಹತ್ತು ಜನರ ಎದುರು, ರಾಮನಾಥ ಪ್ಲಾಸ್ಟಿಕ್ ಕೊಟ್ಟೆಯನ್ನು ಅವನ ಕೈಗೆ ತುರುಕಿ, "ತಕ್ಕೋ ಕುಪ್ಪಾ, ಸಾರಿಗೆ ಆಗ್ತದೆ. ನಿಂಗೂ ಹೆಂಡ್ತಿ ಮಕ್ಕಳು ಅದಾರಲ್ಲ" ಎಂದಿದ್ದ. ಪ್ರೀತಿಯಿಂದಲೇ ಅಂದನೇನೋ. ಅದೇ ಇನ್ನೂ ಚುಚ್ಚಿತು. ಯಾರೋ ನಕ್ಕ ಹಾಗಾಯಿತು. ಕೊಟ್ಟೆಯನ್ನು ಅವನ ಮುಖಕ್ಕೇ ಬೀಸಿ ಒಗೆಯಬೇಕೆಂದುಕೊಂಡ ಕುಪ್ಪ, "ಆಯ್ತು ಮಾರಾಯಾ" ಎಂದು ಹಲ್ಲು ಕಿರಿದು ಮನೆಗೆ ತಂದ. ಮಂದಾಕಿನಿ ತೆಂಗಿನಕಾಯಿ ಅರೆದು ಸಾರು ಮಾಡಿದಳು. ರುಚಿಯಾಗಿತ್ತು, ಎರಡು ಸಲ ಬಡಿಸಿಕೊಂಡು ಉಂಡ. ಉಂಡು ಎದ್ದು, ಹಿತ್ತಿಲ ತೆಂಗಿನ ಮರದಡಿ ನಿಂತು, ಮೀನುಗಾರಿಕೆ ಇಲಾಖೆಯ ಕಚೇರಿಗೆ ಫೋನು ಹಚ್ಚಿ ಬೋಟಿನ ಹೆಸರು, ನಂಬರು, ಹೊರಡುವ ಹೊತ್ತು ಎಲ್ಲ ಹೇಳಿಬಿಟ್ಟ. ಎರಡು ದಿನದಲ್ಲಿ ಬೋಟು ಹಿಡಿದು ಕಟ್ಟಿ ಹಾಕಿದರು.

ಊರಿನ ವಿಷಯ ಹೊರಗಿನವರ ಕಿವಿಗೆ ಹಾಕಿದವನಿಗೆ ಮಾಫಿಯಿಲ್ಲ ಎಂಬುದು ಸೋಗಿನವರ ಮೊದಲ ಕಟ್ಟಳೆ. ತನ್ನ ಫೋನಿನಿಂದ ಮಾಡುವಷ್ಟು ದಡ್ಡ ಕುಪ್ಪನಲ್ಲ. ಎರಡು ವರ್ಷದ ಹಿಂದೆ ಅವನ ಫೋನು ನೀರಿಗೆ ಬಿದ್ದಾಗ ಹೀರಾ ತನ್ನ ಹಳೆಯದನ್ನು ಸಿಮ್ಮಿನ ಸಮೇತ ಮೈದುನನಿಗೆ ಕೊಟ್ಟಿದ್ದಳು, "ಇಟ್ಕಳ್ಳಿ ಭಾವಜಿ, ಪ್ರೀತಿ ಹೊಸತು ಕೊಡ್ಸದ್ಲು, ನಂಗೆ ಎರಡೆರಡು ಎಂತಕೆ?" ಎಂದು. ಆಮೇಲೆ ಬೇರೆ ಫೋನು ಕೊಂಡರೂ ಅದನ್ನು ಅವನು ಹಿಂದೆ ಕೊಡಲಿಲ್ಲ. ಕಚೇರಿಗೆ ಮಾತಾಡಿ ಮುಗಿದದ್ದೇ ಅಳಿವೆಯ ನೀರಿಗೆ ಎಸೆದು ಬಂದ. ಆ ನಂಬರು ಕೇರಿಯ ಅರ್ಧ ಜನರ ಫೋನಿನಲ್ಲಿ 'ಹೀರಾ' ಎಂದೇ ಇದೆಯೆಂಬುದು ಆಗ ತಲೆಗೆ ಹೊಳೆಯಲಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಹೊಳೆದಿರಲಿಲ್ಲವೇ? ಖಂಡಿತ ಹೊಳೆದಿರಲಿಲ್ಲವೇ? ನಂಬರು ಕಚೇರಿಯಿಂದ ಕೇರಿಗೆ ಹೇಗೋ ಬಂತು, ಯಾರೋ ಒತ್ತಿ ನೋಡಿದರು, ಹೀರಾಳ ಹೆಸರು ಬಂತು. ಹೆಂಗಸರು ಬಾವಿಕಟ್ಟೆಯಲ್ಲಿ ಸುತ್ತುಗಟ್ಟಿ ಕೇಳಿದರೆ ಅವಳು, "ನಾ ಮಾಡ್ಲಿಲ್ಲ. ಆ ಫೋನು ಕಳದ್ಹೋಯ್ತು" ಎಂದಷ್ಟೇ ಹೇಳಿದಳಂತೆ.

ಎಂಟು ದಿನದ ಹಿಂದೆ ಬಸ್ ಸ್ಟಾಪಿನಲ್ಲಿ ಅವಳೇ ಎದುರಾಗಿದ್ದಳು. ಬೇರೆ ಯಾರೂ ಇರಲಿಲ್ಲ. ಮಳೆ ಹನಿಯುತ್ತಿತ್ತು, ಅವಳ ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಖಾಲಿ ಬುಟ್ಟಿ. "ಭಾವಜಿ, ನನ್ನ ಪಂಚರ ಮುಂದೆ ಕರದಾರೆ. ನಾ ಎಂತ ಹೇಳ್ಲಿ ಅಲ್ಲಿ?" ಎಂದಳು. ಆರೋಪವಿರಲಿಲ್ಲ ಆ ದನಿಯಲ್ಲಿ, ಮನೆಯ ಗಂಡಸನ್ನು ಕೇಳುವಂತೆ ಕೇಳಿದ್ದಳು. ಆಗಲಾದರೂ ಅತ್ತಿಗೆಯ ಕಾಲಿಗೆ ಬೀಳಬಹುದಿತ್ತು. ವೈನಿ, ತಪ್ಪಾಯ್ತು ಅನ್ನಬಹುದಿತ್ತು. ಬದಲಿಗೆ ಅವನ ನಾಲಗೆ ಅಂದದ್ದು, "ಖರೇ ಇದ್ದದ್ದು ಹೇಳಿ ವೈನಿ. ತಪ್ಪು ಮಾಡದವರು ಎಂತಕೆ ಹೆದ್ರೂದು?" ಥೂ, ಎಂಥ ನಾಲಗೆ ಇದು! ಬಸ್ಸು ಬಂತು, ಕಂಡಕ್ಟರ್ ಬುಟ್ಟಿ ಹಿಂದಿಡು ಎಂದು ಗದರಿಸಿದ, ಅವಳು ಹತ್ತಿ ಹೋದಳು.

ಬಲೆ ರಿಪೇರಿಯ ಶೆಡ್ಡಿನ ಹಿಂಬಾಗಿಲಿಗೆ ಕುಪ್ಪ ಬಂದಾಗ ಹನ್ನೆರಡೂವರೆ. ಶೆಡ್ಡಿನಲ್ಲಿಡುತ್ತಿದ್ದ ಮರದ ಮುಖಗಳು ಈ ವರ್ಷ ಇರಲಿಲ್ಲ, ಒರಲೆ ತಿಂದು ಪುಡಿಯಾಗಿದ್ದವು. ತುಳಸಿದಾಸ ಮಾಸ್ತರು ಕಾರವಾರಕ್ಕೆ ಹೋಗಿ ಆಟಿಕೆ ಅಂಗಡಿಯಿಂದ ಮಕ್ಕಳ ರಟ್ಟಿನ ಮುಖಗಳನ್ನು ತಂದು, ಏಳು ಚೀಲದಲ್ಲಿ ಹಾಕಿ, ಕತ್ತಲೆಕೋಣೆಯಲ್ಲಿ ತೂಗುಹಾಕಿದ್ದರು. ಒಬ್ಬೊಬ್ಬರೇ ಹೋಗಿ ಕೈಗೆ ಸಿಕ್ಕಿದ ಚೀಲ ತೆಗೆದುಕೊಳ್ಳಬೇಕು. ಕುಪ್ಪನಿಗೆ ಸಿಕ್ಕಿದ್ದು ಮೊಲ. ಉಬ್ಬು ಹಲ್ಲು, ಗುಲಾಬಿ ಮೂಗು, ಒಂದು ಕಿವಿ ಮಡಚಿಹೋಗಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತ. ಹನ್ನೊಂದು ವರ್ಷ ಹುಲಿಯಾಗಿದ್ದವನು ಮೊಲವಾಗಿ ಹೊರಗೆ ಹೋಗುವುದು ಹೇಗೆ? ಅತ್ತಿಗೆಯ ಬಾಳು ಮುಳುಗುವ ಹೊತ್ತಿನಲ್ಲಿ ತನಗೆ ಮೊಲದ ಮೂಗಿನ ಚಿಂತೆ ಬಂತಲ್ಲ ಎಂದು ಅಸಹ್ಯವಾಯಿತು, ಆದರೂ ಚಿಂತೆ ಹೋಗಲಿಲ್ಲ. ರಬ್ಬರು ದಾರ ಮಕ್ಕಳ ತಲೆಯ ಅಳತೆಯದು, ಕಿವಿಯ ಹಿಂದೆ ಕೊಯ್ಯುತ್ತಿತ್ತು. ಮುಖವೊಂದು ಬಿಟ್ಟು ತಲೆಯಿಂದ ನೆಲದ ತನಕ ಹಾಯಿಬಟ್ಟೆ ಹೊದ್ದು, ಕೈಕಾಲು ಒಳಗೆಳೆದುಕೊಂಡು, ಹೊರಗೆ ಸಾಲಿನ ತುದಿಯಲ್ಲಿ ಕೂತ. ನಡುವೆ ಹುಲಿ ಕೂತಿತ್ತು. ಆ ಹುಲಿ ಯಾರು? ತನ್ನ ಜಾಗದಲ್ಲಿ ಕೂತವನು ಯಾರು?

ಶೆಡ್ಡಿನಲ್ಲಿ ಕೇರಿಯೆಲ್ಲ ತುಂಬಿತ್ತು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ರಟ್ಟಿನ ಪ್ರಾಣಿಗಳನ್ನು ಕಂಡು ಹಿಂದೆ ಯಾವುದೋ ಮಗು ಕಿಲಕಿಲ ನಕ್ಕು ಪೆಟ್ಟು ತಿಂದಿತು. ದೊಡ್ಡವರು ಯಾರೂ ನಗಲಿಲ್ಲ. ರಟ್ಟಿನ ಕರಡಿ, ರಟ್ಟಿನ ಕೋತಿಯ ಮುಂದೆ ಮುದುಕರೂ ಕೈ ಮುಗಿದೇ ನಿಂತರು. ಹೀರಾ ಮುಂದೆ ಬಂದು ನಿಂತಳು. ಒಗೆದ ಸೀರೆ, ತಲೆಗೆ ಎಣ್ಣೆ, ಮದುವೆಮನೆಗೆ ಹೊರಟವಳಂತೆ ಶುಚಿಯಾಗಿದ್ದಳು. ಬಾಯಿ ತುಳಸಿದಾಸರು ಸೋಗಿನವರಿಗೆ ಬೆನ್ನು ಮಾಡಿ ಕೂತು ಕೇಳಿದರು, "ಆ ನಂಬರು ನಿಂದು ಹೌದೋ ಅಲ್ವೋ?"

"ನಂದೇ ಒಡೆಯಾ."

"ಫೋನು ಎಲ್ಲದೆ?"

"ಇಲ್ಲ. ಕಳದ್ಹೋಯ್ತು."

"ಎಲ್ಲಿ ಕಳೀತು? ಯಾರ ಕೈಗೆ ಹೋಯ್ತು? ಯಾರಿಗಾದ್ರೂ ಕೊಟ್ಟಿದ್ಯಾ? ಹೆಸರು ಹೇಳು, ನಿನ್ನ ಈಗ್ಲೇ ಬಿಡ್ತ್ರು."

ಕುಪ್ಪನ ಜೀವ ಬಾಯಿಗೆ ಬಂತು. ರಟ್ಟಿನೊಳಗೆ ತನ್ನ ಉಸಿರೇ ತನಗೆ ಬಿಸಿಯಾಗಿ, ಬೆಳಿಗ್ಗೆ ಉಂಡ ಸಾರಿನ ವಾಸನೆಯಾಗಿ ಬಡಿಯುತ್ತಿತ್ತು. ಹೀರಾ ನೆಲ ನೋಡುತ್ತ ನಿಂತಿದ್ದಳು. ಹೇಳಿಬಿಡು, ಎಂದು ಅವನ ಒಳಗೊಬ್ಬ ಬೇಡಿಕೊಂಡ. ಹೇಳಬೇಡವೇ ಮಾರಾಯ್ತಿ, ಎಂದು ಇನ್ನೊಬ್ಬ. ಎರಡನೆಯವನ ದನಿಯೇ ಜೋರಾಗಿತ್ತು. "ಕೊಟ್ಟದ್ದು ನೆನಪಿಲ್ಲ ಒಡೆಯಾ" ಎಂದಳು ಹೀರಾ. ಹಿಂದೆ ಹೆಂಗಸರು ಗುಸುಗುಸು ಮಾಡಿದರು. ತುಳಸಿದಾಸರು ಕೈ ಎತ್ತಿ ಸುಮ್ಮನಾಗಿಸಿ, "ಚಿಪ್ಪು" ಎಂದರು. ಸಾಲಿನಲ್ಲಿ ಒಂದೊಂದಾಗಿ ಚಿಪ್ಪು ಬಿದ್ದವು, ಬಟ್ಟೆಯಡಿಯಿಂದಲೇ ತಳ್ಳಿದ್ದು. ಸಿಂಹ ಕವುಚಿ, ಗೂಬೆ ಕವುಚಿ, ಹುಲಿ ಕವುಚಿ. ಉಳಿದ ಆರು ಜನರಲ್ಲಿ ಒಬ್ಬನಾದರೂ ಅಂಗಾತ ಇಡಲಿ, ಆಗ ಎರಡನೆಯವನಾಗಿ ತಾನೂ ಇಡುತ್ತೇನೆಂದು ಕುಪ್ಪ ಲೆಕ್ಕ ಹಾಕಿದ್ದ. ಯಾರೂ ಇಡಲಿಲ್ಲ. ಬಹುಶಃ ಅವರೂ ಪಕ್ಕದವನನ್ನೇ ಕಾಯುತ್ತಿದ್ದರು. ಕೊನೆಗೆ ತನ್ನ ಸರದಿ ಬಂದಾಗ ಅವನ ಬೆರಳು ತಾನಾಗಿಯೇ ಚಿಪ್ಪನ್ನು ಕವುಚಿ ಮುಂದೆ ತಳ್ಳಿತು. ಇದು ಲೆಕ್ಕಕ್ಕಿಲ್ಲ, ಎಂದುಕೊಂಡ. ಆರು ಬಿದ್ದ ಮೇಲೆ ಏಳನೆಯದರಿಂದ ಏನಾಗುವುದಿದೆ.

"ಸೆರಗು ಹಾಸ್ತ್ಯಾ?" ಎಂದು ಕೇಳಿದರು ಬಾಯಿ, ಕೇಳಬೇಕಲ್ಲ ಎಂದು. "ಹಾಸ್ತೆ" ಎಂದಳು ಹೀರಾ. ಅವಳು ಸಾಲಿನ ಮೇಲೆ ಕಣ್ಣಾಡಿಸಿದಳು. ಮೊಲದ ಮೇಲೂ ಒಂದು ಕ್ಷಣ ಅವಳ ಕಣ್ಣು ನಿಂತಂತಾಯಿತು. ಕುಪ್ಪ ಬಟ್ಟೆಯೊಳಗಿಂದ ಕೈ ಚಾಚಿ ತನ್ನ ಚಿಪ್ಪಿನ ಮೇಲೆ ಅಂಗೈಯಿಟ್ಟು ಒತ್ತಿದ. ಬಲವಾಗಿಯೇ ಒತ್ತಿದ, ಬಂದರೂ ಅದು ಮಗುಚಬಾರದೆಂಬಂತೆ. ಮಗುಚಿದರೆ ಮೈದುನನೇ ಎನ್ನುತ್ತಾರೆ, ಮೈದುನ ಎಂದರೆ ಫೋನು ಎನ್ನುತ್ತಾರೆ, ಒಂದರ ಹಿಂದೆ ಒಂದು ಬಂದೇ ಬರುತ್ತದೆ. ಬೇಡ ವೈನಿ, ನನ್ನ ಹತ್ರ ಬರಬೇಡ, ಬಂದರೆ ನಾನು ಮಗುಚುವುದಿಲ್ಲ. ಅಷ್ಟು ಸ್ಪಷ್ಟವಾಗಿ ಅವನು ತನ್ನನ್ನು ತಾನು ಎಂದೂ ಕಂಡಿರಲಿಲ್ಲ. ಹೀರಾ ನಡೆದು ಬಂದು, ಹುಲಿಯ ಮುಂದೆ ಮಂಡಿಯೂರಿ ಸೆರಗು ಹಾಸಿದಳು.

ಹುಲಿಯ ಮುಂದೆ! ಕುಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ಮೊದಲು ಬಂದದ್ದು ಖುಷಿ. ಬದುಕಿದೆ! ಮೈಯೆಲ್ಲ ಸಡಿಲಾಗಿ, ಕಣ್ಣಲ್ಲಿ ನೀರೇ ಬಂತು. ಅವಳು ಹುಲಿಯನ್ನೇ ನಾನು ಅಂದುಕೊಂಡಿದ್ದಾಳೆ. ಅವಳಿಗೇನು ಗೊತ್ತು, ಈ ಸಲ ಚೀಲದಲ್ಲಿ ಕೈಗೆ ಸಿಕ್ಕಿದ್ದೇ ಮುಖವೆಂದು. ಹೀರಾ ಹಣೆಯನ್ನು ನೆಲಕ್ಕಿಟ್ಟಳು. ಬಾಯಿ ತೀರ್ಪು ಹೇಳುವ ತನಕ ಅದನ್ನು ಎತ್ತುವಂತಿಲ್ಲ. ಹಾಗೆಯೇ ನೆಲಕ್ಕೆ ಹೇಳಿದಂತೆ ಹೇಳಿದಳು, "ಒಡೆಯಾ, ನಿಂಗೆ ಎಲ್ಲ ಗೊತ್ತದೆ. ನಾ ಎಂತಾ ಮಾಡ್ಲಿಲ್ಲ ಅಂತ ನಿನ್ನಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನನ್ನ ಬಾಯಿಂದ ಹೆಸರು ಬರೂದಿಲ್ಲ, ಹೆದ್ರಬೇಡ. ಬುಟ್ಟಿ ಒಂದು ಬಿಟ್ಟುಬಿಡು ನಂಗೆ. ನಿಂಗೂ ಮನೆ ಅದೆ, ಮಕ್ಕಳು ಅದಾರೆ, ಸಿಟ್ಟಲ್ಲಿ ಒಂದೊಂದ್ಸಲ ಹಾಂಗೆ ಆಗ್ತದೆ, ನಾ ಎಂತಾ ಅಂದ್ಕಣ್ಲಿಲ್ಲ."

ಮಳೆಯ ಸದ್ದಿಗೆ ಹಿಂದಿದ್ದವರಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಸಾಲಿನಲ್ಲಿದ್ದವರಿಗೆ ಕೇಳಿಸಿತು. ಒಂದೊಂದು ಮಾತೂ ಕುಪ್ಪನ ವಿಳಾಸಕ್ಕೆ ಬಂದು ಬೇರೆ ಮನೆಯಲ್ಲಿ ಬಿದ್ದಿತ್ತು. ಹುಲಿ ಅಲ್ಲಾಡದೆ ಕೂತಿತ್ತು. ಆಮೇಲೆ ಹಾಯಿಬಟ್ಟೆಯ ಕೆಳಗಿಂದ ಒಂದು ಕೈ ಹೊರಗೆ ಬಂತು. ನಡುವೆ ಮಾಸ್ತರು ಅಡ್ಡ ಕೂತದ್ದರಿಂದ ಅದು ಜನರಿಗೆ ಕಾಣಲಿಲ್ಲ, ಸಾಲಿನ ತುದಿಯಲ್ಲಿದ್ದ ಕುಪ್ಪನಿಗೆ ಕಂಡಿತು. ತೋರುಬೆರಳು ಅರ್ಧವೇ ಇತ್ತು. ಬೋಟಿನ ಯಂತ್ರಕ್ಕೆ ಸಿಕ್ಕಿ ಕಡಿದುಹೋದ ಅಂಥ ಬೆರಳು ಕೇರಿಯಲ್ಲಿ ಒಬ್ಬನಿಗೇ ಇದ್ದದ್ದು. ರಾಮನಾಥ! ಬೋಟು ಕಳೆದುಕೊಂಡವನು. ತನ್ನದೇ ಪಂಚಾಯ್ತಿಗೆ ತಾನೇ ಮುಖ ಮುಚ್ಚಿ ಬಂದು ಕೂತವನು. ಮುಗಿಯಿತು, ಎಂದುಕೊಂಡ ಕುಪ್ಪ. ಆ ಅರ್ಧ ಬೆರಳು ಚಿಪ್ಪಿನ ಅಂಚು ಮೀಟಿ ಅದನ್ನು ಅಂಗಾತ ಮಗುಚಿತು. ಕೈ ಒಳಗೆ ಹೋಯಿತು.

ತಿರುಗಿ ಚಿಪ್ಪು ನೋಡಿದ ತುಳಸಿದಾಸ ಮಾಸ್ತರಿಗೆ ಮಾಫಿಯ ಮಾತು ಹೇಗೆ ಹೇಳಬೇಕೆಂದೇ ನೆನಪಾಗಲಿಲ್ಲ, ಅಷ್ಟು ವರ್ಷವಾಗಿತ್ತು ಅದನ್ನು ಹೇಳಿ. "ಆಯ್ತು... ಬಿಟ್ಟರು. ಏಳು" ಎಂದು ತೊದಲಿದರು. ಹೀರಾ ಎದ್ದು ಯಾರನ್ನೂ ನೋಡದೆ ಹೋದಳು. ಕತ್ತಲೆಕೋಣೆಯಲ್ಲಿ ಮೊಲವನ್ನು ಕಿತ್ತು ಚೀಲಕ್ಕೆ ತುರುಕಿ ಕುಪ್ಪ ಹಿಂಬಾಗಿಲಿಂದ ದಂಡೆಗೆ ಇಳಿದ. ಅಲೆಗಳು ಕೆಂಪಗೆ ಕದಡಿದ್ದವು, ಮೇಲೆಳೆದಿಟ್ಟ ದೋಣಿಗಳ ನಡುವೆ ನಾಯಿಗಳು ಮಲಗಿದ್ದವು. ರಾಮನಾಥ ಯಾಕೆ ಮಗುಚಿದ? ಗೊತ್ತಾಯಿತೇ ಅವನಿಗೆ? ಏಳರಲ್ಲಿ ಒಬ್ಬನೆಂದಂತೂ ಗೊತ್ತಾಗಿರಲೇಬೇಕು. ಹೆದರಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ನಡೆದಷ್ಟೂ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದು ಸಿಟ್ಟು. ಆ ಮನುಷ್ಯನಿಗೆ ಕೊಡುವುದಕ್ಕೆ ಯಾವಾಗಲೂ ಏನಾದರೂ ಇರುತ್ತದಲ್ಲ! ಬೋಟು ಹೋದ ಮೇಲೂ ಇರುತ್ತದಲ್ಲ! ಹೀರಾ ಉಳಿದಳೆಂದು ಸಂತೋಷಪಡಬೇಕಾದವನು, ಅವಳನ್ನು ಉಳಿಸಿದವನ ಮೇಲೆ ಹಲ್ಲು ಕಡಿಯುತ್ತ, ಒದ್ದೆ ಮರಳನ್ನು ಒದೆಯುತ್ತ ನಡೆದ.

ಐದು ಗಂಟೆಗೆ ಮಳೆ ಬಿಟ್ಟು ಹಿತ್ತಿಲಲ್ಲಿ ಬಿಸಿಲು ಬಿದ್ದಿತ್ತು. ಕುಪ್ಪ ಬಾವಿಕಟ್ಟೆಯ ಮೇಲೆ ಕೂತು ನಿಜವಾಗಿಯೂ ಬಲೆ ಹೊಲಿಯುತ್ತಿದ್ದ. ಮಂದಾಕಿನಿ ಒಳಗೆ ಚಾಕ್ಕೆ ನೀರಿಟ್ಟಿದ್ದಳು. ಬೇಲಿ ಸರಿಸಿಕೊಂಡು ಹೀರಾ ಬಂದಳು. ಅಳುತ್ತಿರಲಿಲ್ಲ, ಆದರೆ ಅತ್ತು ಮುಖ ತೊಳೆದುಕೊಂಡು ಬಂದಿದ್ದಳು. "ಭಾವಜಿ" ಎಂದಳು, ದನಿ ಇಳಿಸಿ. "ಹೇಳ್ಬಾರ್ದು ಅಂತ ಗೊತ್ತದೆ. ಆದ್ರೂ ಹೇಳ್ದೆ ಇರೂಕಾಗೂದಿಲ್ಲ. ಜನ ಎಂತೆಂತೋ ಅಂದ್ರು, ನಿನ್ನ ಮೈದುನ ತಿರ್ಗಿ ನೋಡೂದಿಲ್ಲ ಅಂದ್ರು. ನಂಗೆ ಒಂದೇ ಧೈರ್ಯ. ಅವರ ತಮ್ಮ ನೀವು, ಕೈ ಬಿಡೂದಿಲ್ಲ ಅಂತ. ಬಿಡ್ಲಿಲ್ಲ. ಆ ಫೋನಿನ ಮಾತು ಇವತ್ತಿಗೆ ಮುಗೀತು, ನನ್ನ ಮಗಳಿಗೂ ಹೇಳೂದಿಲ್ಲ." ಹೇಳುತ್ತ ಹೇಳುತ್ತ ಅವಳು ಬಾಗಿದಳು.

ಅಣ್ಣನ ಹೆಂಡತಿ ಮೈದುನನ ಕಾಲು ಮುಟ್ಟುವುದು ಯಾವ ಕೇರಿಯಲ್ಲೂ ಇಲ್ಲ. ತಾಯಿಯ ಸಮ ಅವಳು, ಮುಟ್ಟಬೇಕಾದವನು ಅವನು. ಕಾಲು ಹಿಂದಕ್ಕೆಳೆದುಕೊಳ್ಳಬೇಕಿತ್ತು. ಹುಲಿ ನಾನಲ್ಲ ವೈನಿ, ಎನ್ನಬೇಕಿತ್ತು. ಮೂರು ಶಬ್ದ. ಅವು ಬಾಯಿಯ ತನಕ ಬಂದವು ಕೂಡ. ಅಷ್ಟರಲ್ಲಿ ಅವಳ ಬೆರಳು, ಉಪ್ಪಿಗೆ ಒಡೆದು ಒರಟಾದ ಬೆರಳು, ಅವನ ಪಾದಕ್ಕೆ ತಾಗಿತು. ಯಾರೂ ಎಂದೂ ಮುಟ್ಟಿರದ ಪಾದ. ಅವನ ಎದೆಯಲ್ಲಿ ಏನೋ ಉಬ್ಬಿ ಬಂತು, ಅದು ನಾಚಿಕೆಯಲ್ಲವೆಂದು ಅವನಿಗೇ ಗೊತ್ತಾಯಿತು. ಮಂದಾಕಿನಿ ಚಾ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಹೆಮ್ಮೆಯಿಂದ. ಕುಪ್ಪ ಹೆಂಡತಿಯನ್ನು ನೋಡಿದ, ಬಾಗಿದ ಅತ್ತಿಗೆಯ ನರೆತ ಬೈತಲೆಯನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಏಳಿ ವೈನಿ" ಎಂದ. "ಈ ಸಲ ಹ್ಯಾಂಗೋ ಉಳಿಸ್ದೆ. ಇನ್ನೊಂದ್ಸಲ ಹಿಂಗಾದ್ರೆ ನನ್ನ ಕೈಲಿ ಆಗೂದಿಲ್ಲ."